ಹಿಡಿದ ಕಾಟ್ಲಾ ಬಿಟ್ಟೇ ದುಡ್ಡು ಮಾಡಿದೆ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಒಳಗೆ ಎಕರೆಯಷ್ಟು ಕೆರೆ. ಹೋಂಸ್ಟೇಗೆ ಬರುವ ಗಾಳದವರನ್ನು ತೆಪ್ಪದಲ್ಲಿ ಕೂರಿಸ್ತೇನೆ, ಹಿಡಿದ ಮೀನನ್ನು ವಾಪಸ್ ಬಿಡಿಸ್ತೇನೆ ಅಂದಾಗ ಪಕ್ಕದ ತೋಟದ ಮಾವ, "ಬಿಡೋಕೆ ಯಾರಪ್ಪಾ ದುಡ್ಡು ಕೊಡ್ತಾರೆ? ಮೀನು ಸಾರಿಗೆ ಅಲ್ವಾ?" ಎಂದಿದ್ದರು. ಈಗ ನಾಲ್ಕನೇ ವರ್ಷ. ಕೊಡ್ತಾರೆ.

ಮೊದಲ ವರ್ಷ ಎರಡು ಸಾವಿರ ಕಾಟ್ಲಾ ಮೀನಿನ ಮರಿ ಬಿಟ್ಟೆ. ಫೆಬ್ರವರಿಯಲ್ಲಿ ಅದೇ ಕೆರೆಯಿಂದ ಕಾಫಿಗೆ ಹೂವಿನ ನೀರು, ಅಂದರೆ ಹೂ ಅರಳಿಸುವ ನೀರು, ಕೊಟ್ಟೆವು. ಬ್ಯಾಕಿಂಗ್, ಅಂದರೆ ಹೂವಾದ ಮೇಲೆ ಕೊಡುವ ಎರಡನೇ ನೀರು, ಮುಗಿಯುವಷ್ಟರಲ್ಲಿ ಕೆರೆ ಮೊಣಕಾಲಿಗೆ ಇಳಿದಿತ್ತು. ಉಳಿದ ಮರಿಗಳನ್ನು ನೀರುಕಾಗೆಗಳು ತಿಂದವು. ಮರುವರ್ಷ ಜೆಸಿಬಿ ತರಿಸಿ ಒಂದು ಮೂಲೆಯನ್ನು ಹನ್ನೆರಡು ಅಡಿ ತೋಡಿಸಿದೆ. ತೊಂಬತ್ತು ಸಾವಿರದ ಹತ್ತಿರ ಹೋಯಿತು. ಮೋಟರ್ ಎಷ್ಟು ಓಡಿದರೂ ಐದಡಿ ನೀರು ಉಳಿಯುವಂತೆ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ಎತ್ತರಿಸಿ ಕಟ್ಟಿದೆ. ಆ ಸಲ ಎರಡು ಎಕರೆ ರೊಬಸ್ಟಾ ಕಾಫಿಗೆ ಬ್ಯಾಕಿಂಗ್ ತಪ್ಪಿತು. ಅಪ್ಪ ವಾರವಿಡೀ ಮಾತಾಡಲಿಲ್ಲ.

ನೀರು ನಿಂತರೂ ಬಿಟ್ಟ ಮೀನು ಎರಡು ಮೂರು ದಿನಕ್ಕೆ ಸತ್ತು ತೇಲುತ್ತಿತ್ತು. ಫೋಟೋಗೆಂದು ಒಣ ಏರಿಯ ಮೇಲೆ ಮಲಗಿಸುತ್ತಿದ್ದರು. ಗಂಟಿನ ಬಲೆ ಹುರುಪೆ ಕೀಳುತ್ತಿತ್ತು. ಈಗ ಕೊಕ್ಕೆಯ ಮುಳ್ಳನ್ನು ನಾನೇ ಪ್ಲೈಯರ್‌ನಲ್ಲಿ ಒತ್ತಿ ಚಪ್ಪಟೆ ಮಾಡಿ ಕೊಡುತ್ತೇನೆ. ರಬ್ಬರ್ ಬಲೆ, ತೆಪ್ಪದೊಳಗೆ ಒದ್ದೆ ಗೋಣಿ, ಹತ್ತು ಎಣಿಸುವುದರೊಳಗೆ ಫೋಟೋ. ಬಿಡುವಾಗ ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯಡಿಗೆ. ಕಿವಿರು ನಿಧಾನಕ್ಕೆ ತೆರೆದು ಮುಚ್ಚುತ್ತಿರುತ್ತದೆ. ಬಾಲ ಬಲವಾಗಿ ಒದ್ದು ಕೈಯಿಂದ ತಾನಾಗಿ ಜಾರಬೇಕು. ಅಲ್ಲಿಯವರೆಗೆ ಬಿಡಬಾರದು.

ಎರೆಗೆ ರಾಗಿ ಮುದ್ದೆ, ಕಡಲೆಕಾಯಿ ಹಿಂಡಿ. ಮೂರನೆಯದೊಂದು ಇದೆ, ಅದನ್ನು ಹೇಳಲ್ಲ. ದಿನಾ ಸಂಜೆ ಮೇವು ಹಾಕುವ ಜಾಗವನ್ನೂ ಹೇಳಲ್ಲ.

ಮಧ್ಯೆ ಕೊರವ ಮೀನೂ ಬಿಟ್ಟು ನೋಡಿದೆ. ಕಪ್ಪೆ ಆಕಾರದ ಪ್ಲಾಸ್ಟಿಕ್ ಎರೆಗೆ ನೀರು ಸಿಡಿಸಿ ಎಗರುತ್ತದೆ, ಬೆಂಗಳೂರಿನ ಹುಡುಗರಿಗೆ ಅದೇ ಹುಚ್ಚು. ಆದರೆ ನನ್ನ ಮರಿಗಳನ್ನೆಲ್ಲ ನುಂಗಿತು. ಅದಕ್ಕೀಗ ಬೇರೆ ಹೊಂಡ.

ಅರ್ಧ ದಿನಕ್ಕೆ ಒಂದು ರಾಡ್‌ಗೆ 1,500 ರೂಪಾಯಿ. ಕಳೆದ ಸೀಸನ್‌ನಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಬಂತು, ಊಟ ವಸತಿ ಬಿಟ್ಟು. ಬೆನ್ನಿನ ರೆಕ್ಕೆ ಸೀಳಿದ ಒಂದು ಕಾಟ್ಲಾ ಇದೆ, ಆರು ಕೆಜಿ ಇರಬಹುದು. ಮಾರಿದ್ದರೆ ಒಂದೇ ಸಲ ಸಾವಿರ ಚಿಲ್ಲರೆ. ನಾನು ಕಂಡಂತೆ ಐದು ಸಲ ಗಾಳಕ್ಕೆ ಬಿದ್ದಿದೆ, ಐದು ಸಲವೂ ಈಜಿಕೊಂಡು ಹೋಗಿದೆ.

ಮಾರ್ಚ್, ಏಪ್ರಿಲ್‌ನಲ್ಲಿ ಬುಕಿಂಗ್ ತಗೊಳ್ಳಲ್ಲ. ಯಾರು ಎಷ್ಟು ಜಾಸ್ತಿ ಕೊಡ್ತೀನಿ ಅಂದರೂ ಇಲ್ಲ. ಆಗ ನೀರು ಕಡಿಮೆ, ಬಿಸಿಯೂ ಹೌದು. ಬಿಟ್ಟ ಮೀನು ಚೇತರಿಸಿಕೊಳ್ಳಲ್ಲ.