ನೀಲಿ ಗುಳಿಗೆ ಕೊನೆಗೂ ಮಕ್ಕಳ ಹೊಟ್ಟೆ ಸೇರಿತು

ರಿಜಿಸ್ಟರಿನಲ್ಲಿ ನೂರಕ್ಕೆ ನೂರು, ಹೊಟ್ಟೆಗೆ ಅರ್ಧವೂ ಇಲ್ಲ. ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯ ಕಥೆ ನಿಮ್ಮಲ್ಲೂ ಹೀಗೇ ಇದ್ದರೆ ಇದನ್ನು ಓದಿ. ಕುಷ್ಟಗಿ ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಈಗ ಹತ್ತರಲ್ಲಿ ಒಂಬತ್ತು ಮಕ್ಕಳು ನಮ್ಮ ಕಣ್ಣೆದುರೇ ನುಂಗುತ್ತಾರೆ. "ಇದು ಆಗೂ ಮಾತಲ್ಲ ಬಿಡ್ರಿ ಸರ" ಎಂದವರು ಸ್ಟಾಫ್‌ರೂಮಿನಲ್ಲೇ ಮೂರ್ನಾಲ್ಕು ಜನ ಇದ್ದರು.

ಮೊದಲು ಪ್ರಾರ್ಥನೆ ಮುಗಿದ ಕೂಡಲೇ ಕೊಡುವ ಪದ್ಧತಿ ಇತ್ತು. ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಕ್ಷೀರಭಾಗ್ಯದ ಹಾಲೂ ಅದೇ ಹೊತ್ತಿಗೆ. ಆದರೆ ಅರ್ಧ ಮಕ್ಕಳು ಬರೀ ಚಹಾ ಕುಡಿದು ಬಂದವರು. ಖಾಲಿ ಹೊಟ್ಟೆಗೆ 60 ಮಿಲಿಗ್ರಾಂ ಕಬ್ಬಿಣ ಬಿದ್ದರೆ ತೊಳಸದೆ ಇರುತ್ತದೆಯೇ? ಒಬ್ಬಳು ವಾಂತಿ ಮಾಡಿದರೆ ಹಿಂದಿನ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಒಂದು ಸೋಮವಾರ ಏಳೆಂಟು ಹುಡುಗಿಯರನ್ನು ಆಟೊದಲ್ಲಿ ಆಸ್ಪತ್ರೆಗೆ ಒಯ್ದೆವು. ಏನೂ ಆಗಿರಲಿಲ್ಲ, ಓಆರ್‌ಎಸ್ ಕುಡಿಸಿ ಕಳಿಸಿದರು. ಬಾಡಿಗೆ ಆರುನೂರೋ ಏನೋ, ನನ್ನ ಜೇಬಿನಿಂದಲೇ ಹೋಯಿತು. ಹಾಲು, ಚಹಾದ ಜೊತೆ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ. ನುಂಗಿದ್ದೂ ದಂಡ.

ಆಮೇಲೆ ತಾಯಂದಿರು ಬಂದರು. "ಎಂಥಾ ಗುಳಿಗಿ ಕೊಟ್ಟೀರ್ರಿ ಸರ, ನಮ್ಮ ಹುಡುಗಿ ಕರ್ರಗ ಹೊರಕಡಿ ಹೊಂಟಾಳ." ಮಕ್ಕಳಾಗದಂತೆ ಮಾಡುವ ಗುಳಿಗೆ ಎಂಬ ಗಾಳಿಮಾತೂ ಹುಟ್ಟಿತು. ಮಳೆಗಾಲದಲ್ಲಿ 9ನೇ ತರಗತಿಯ ಕಿಟಕಿಯ ಹೊರಗೆ ನೋಡಿದರೆ ಗೋಡೆಗುಂಟ ನೀಲಿ ಬಣ್ಣ ಇಳಿದಿತ್ತು. ಕೆಳಗೆ ಉಬ್ಬಿ ಕರಗಿದ ಗುಳಿಗೆಗಳು ಬಿದ್ದಿದ್ದವು. ತಿಂಗಳುಗಟ್ಟಲೆ ನಾವು ತುಂಬಿದ ರಿಜಿಸ್ಟರು ಅಲ್ಲಿ ಬಿದ್ದಿತ್ತು.

ಬದಲಾಯಿಸಿದ್ದು ಹೊತ್ತನ್ನು. ಬಿಸಿಯೂಟ ಮುಗಿದು, ಬೆಲ್ ಹೊಡೆದು, ಮಕ್ಕಳು ಒಳಗೆ ಕೂತ ಮೇಲೆ ಮೊದಲ ಪಿರಿಯಡ್ಡಿನ ಮೇಷ್ಟ್ರೇ ಕೊಡಬೇಕು. "ಹತ್ತು ನಿಮಿಷ ಪಾಠ ಹೋಗ್ತೈತಿ" ಎಂದು ಗಣಿತದವರು ಮುನಿಸಿಕೊಂಡರು. ಎರಡನೇ ತಿಂಗಳಿಗೆ ಅದು ನಾಲ್ಕು ನಿಮಿಷಕ್ಕೆ ಇಳಿಯಿತು. ಸ್ಟೀಲ್ ಲೋಟಕ್ಕೆ ಸಾವಿರದ ಹತ್ತಿರ ಖರ್ಚು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಅರ್ಧ ಕೊಟ್ಟರು. ಗುಳಿಗೆಯನ್ನು ಮೊದಲು ನಾನೇ ಮಕ್ಕಳ ಮುಂದೆ ನುಂಗುತ್ತೇನೆ, ಇದು ಬಹಳ ಮುಖ್ಯ. ಅಂಗೈ ತೋರಿಸಿ ಎನ್ನುತ್ತೇನೆ, ಬೆವರಿದ ಕೈಯಲ್ಲಿ ಬಚ್ಚಿಟ್ಟರೆ ನೀಲಿ ಹತ್ತಿರುತ್ತದೆ. ಕೆನ್ನೆಯಲ್ಲಿ ಇಟ್ಟುಕೊಂಡವರನ್ನು ಹಿಡಿಯುವ ಉಪಾಯವೂ ಇದೆ, ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಫೋನ್ ನೋಡುತ್ತಾರೆ.

ಕಪ್ಪು ಮಲದ ಮಾತನ್ನು ಗುಳಿಗೆ ಕೊಡುವ ಮೊದಲೇ ಆಡಬೇಕು. ತಾಯಂದಿರ ಸಭೆ ಕರೆದು, ಆಶಾ ಕಾರ್ಯಕರ್ತೆಯಿಂದಲೇ ಬಿಡಿಸಿ ಹೇಳಿಸಿದೆವು: ಕಪ್ಪಾಗುತ್ತದೆ, ಅದು ಕಬ್ಬಿಣದ್ದು, ಹೆದರಬೇಡಿ. ಮೊದಲೇ ಹೇಳಿದರೆ ಅದು ತಿಳಿವಳಿಕೆ, ಆಮೇಲೆ ಹೇಳಿದರೆ ಸಬೂಬು. ಆ ವರ್ಷ ಒಬ್ಬ ತಾಯಿಯೂ ಜಗಳಕ್ಕೆ ಬರಲಿಲ್ಲ.

ವಿಟಮಿನ್ ಸಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆಂದು ಗುಳಿಗೆಯ ಜೊತೆ ಲಿಂಬೆ ಶರಬತ್ತನ್ನೂ ಮಾಡಿ ನೋಡಿದೆ. ಮಳೆಗಾಲದಲ್ಲಿ ಪರವಾಗಿಲ್ಲ, ಬೇಸಿಗೆಯಲ್ಲಿ ಹಣ್ಣಿಗೆ ಐದಾರು ರೂಪಾಯಿ, ಮೇಲೆ ಸಕ್ಕರೆ. ವಾರಕ್ಕೆ ಮುನ್ನೂರು ದಾಟಿತು, ಬಿಟ್ಟೆ. ಈಗ ಪೇರಲ, ನೆಲ್ಲಿ ಕಾಲದಲ್ಲಿ ಊರವರು ಕೊಟ್ಟಷ್ಟು. ಕೈ ತೊಳೆಯುವ ನೀರು ಹರಿಯುವ ಕಡೆ ನಾಲ್ಕು ನುಗ್ಗೆ ಕೊಂಬೆ ನೆಟ್ಟೆ, ಮೂರು ಚಿಗುರಿದವು. ಸೊಪ್ಪನ್ನು ಸಾಂಬಾರಿಗೆ ಹಾಕಿದರೆ ತಟ್ಟೆಯ ಅಂಚಿಗೆ ಎತ್ತಿಡುತ್ತಾರೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಬೇಳೆಗೆ ಕಲಸಿದರೆ ಗೊತ್ತೇ ಆಗುವುದಿಲ್ಲ. ಎಷ್ಟು ಹಾಕಬೇಕೆಂಬುದು ನಮ್ಮ ಅಡುಗೆಯ ಅಕ್ಕನ ಕೈಯಳತೆ. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳದ ಮಾತ್ರೆಯನ್ನಂತೂ ಬಿಡಬೇಡಿ. ಕೊಕ್ಕೆಹುಳ ರಕ್ತ ಹೀರುತ್ತಿರುವಾಗ ಕಬ್ಬಿಣ ಕೊಟ್ಟು ಏನು ಬಂತು?

ತಪಾಸಣೆಗೆ ಬಂದ ವೈದ್ಯರ ತಂಡ ಮೊದಲು ಹಿಮೋಗ್ಲೋಬಿನ್ ನೋಡಿದಾಗ 9ನೇ ತರಗತಿಯ ಮೂವತ್ತು ಚಿಲ್ಲರೆ ಹುಡುಗಿಯರಲ್ಲಿ ಅರ್ಧದಷ್ಟು ಜನ 10 ಗ್ರಾಂಗಿಂತ ಕೆಳಗಿದ್ದರು, ಅಂದರೆ ರಕ್ತಹೀನತೆ. ವರ್ಷದ ಮೇಲೆ ಅದೇ ಹುಡುಗಿಯರಲ್ಲಿ ಹಾಗಿದ್ದವರು ಐದಾರು ಜನ. ಕಬಡ್ಡಿಯಲ್ಲಿ ಎರಡು ರೈಡಿಗೇ ಏದುತ್ತಿದ್ದವಳು ತಾಲೂಕು ಮಟ್ಟಕ್ಕೆ ಆಡಿದಳು. "ಆಗೂ ಮಾತಲ್ಲ" ಎಂದವರಲ್ಲಿ ಇಬ್ಬರು ಈಗ ಸೋಮವಾರ ತಾವೇ ಲೋಟ ಜೋಡಿಸುತ್ತಾರೆ.

ಉಳಿದ ತೊಂದರೆ ಸರಬರಾಜಿನದು. ಎರಡು ತಿಂಗಳು ಗುಳಿಗೆಯೇ ಬರದಿದ್ದರೆ ಹಿಡಿಸಿದ ರೂಢಿ ಮುರಿಯುತ್ತದೆ. ಅದಕ್ಕೇ ಡಬ್ಬಿಯಲ್ಲಿ ಆರು ವಾರಕ್ಕಾಗುವಷ್ಟು ಉಳಿದಿರುವಾಗಲೇ ಬೇಡಿಕೆ ಪತ್ರ ಬರೆದು, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬರುತ್ತೇನೆ.