50ರ ನಂತರ ಹೊಸದಾಗಿ ಸಕ್ಕರೆ ಕಾಯಿಲೆಯೇ? ತೂಕದ ಲೆಕ್ಕವನ್ನೂ ನೋಡಿ

ಊಟ ತಿಂಡಿ ಬದಲಾಗಿಲ್ಲ. ಆದರೂ 50 ದಾಟಿದ ಮೇಲೆ ಸಕ್ಕರೆ ಏರಿದೆ, ತೂಕ ಮಾತ್ರ ಇಳಿಯುತ್ತಿದೆ. ಇಂಥವರಲ್ಲಿ ಕೆಲವರಿಗೆ ಸಕ್ಕರೆ ಮೂಲ ಕಾಯಿಲೆಯಾಗಿರುವುದಿಲ್ಲ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲಿ (ಪ್ಯಾಂಕ್ರಿಯಾಸ್) ಬೆಳೆಯುತ್ತಿರುವ ಕ್ಯಾನ್ಸರೇ ಅದನ್ನು ಏರಿಸಿರುತ್ತದೆ.

ಗಾಬರಿಯಾಗಬೇಕಿಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ದಾಟಿದ ಮೇಲೆ ಹೊಸದಾಗಿ ಮಧುಮೇಹ ಬಂದ 2,122 ಜನರ ಪೈಕಿ ಮೂರು ವರ್ಷಗಳೊಳಗೆ ಈ ಕ್ಯಾನ್ಸರ್ ಪತ್ತೆಯಾದದ್ದು 18 ಮಂದಿಗೆ. ಹಾಗಾಗಿ ಎಲ್ಲರಿಗೂ ಸ್ಕ್ಯಾನ್ ಮಾಡಿಸುವುದು ದಂಡ. ಯಾರಿಗೆ ಬೇಕು ಎಂದು ಜರಡಿ ಹಿಡಿಯಬೇಕು.

ಮೊದಲು ಹಳೆಯ ರಿಪೋರ್ಟ್‌ಗಳನ್ನು ಹುಡುಕಿ. ಕಳೆದ ವರ್ಷ ಖಾಲಿ ಹೊಟ್ಟೆಯಲ್ಲಿ 95 ಇದ್ದ ಸಕ್ಕರೆ ಈಗ 180 ಆಗಿದ್ದರೆ, ಅದು 118ರಿಂದ 128ಕ್ಕೆ ತೆವಳಿದಂತಲ್ಲ. ವೈದ್ಯರಿಗೆ ಇಂದಿನ ಅಂಕಿಯೊಂದನ್ನೇ ಹೇಳಬೇಡಿ, ಎರಡನ್ನೂ ತೋರಿಸಿ.

ನಂತರ ತೂಕ. ನನ್ನ ಮಟ್ಟಿಗೆ ಮುಖ್ಯವಾದ ಹೆಜ್ಜೆ ಇದೇ. ಜನ ಹಗುರವಾಗಿ ತೆಗೆದುಕೊಳ್ಳುವುದೂ ಇದನ್ನೇ. ಟೈಪ್ 2 ಮಧುಮೇಹ ಸಾಮಾನ್ಯವಾಗಿ ತೂಕ ಏರಿದವರನ್ನು ಹಿಡಿಯುತ್ತದೆ. ಪ್ರಯತ್ನಪಡದೆ ತೂಕ ಇಳಿದಿದ್ದರೆ, "ಸಣ್ಣಗಾಗಿದ್ದೀರಿ, ಒಳ್ಳೆಯದಾಯಿತು" ಎಂಬ ನೆಂಟರ ಮಾತಿಗೆ ಹಿಗ್ಗಬೇಡಿ. ಬೆಲ್ಟಿಗೆ ಹೊಸ ತೂತು ಹಾಕಿಸಿದ್ದು ಮಾತ್ರೆ ಶುರುಮಾಡುವ ಮೊದಲೋ ಆಮೇಲೋ ನೆನಪಿಸಿಕೊಳ್ಳಿ. ಸಕ್ಕರೆಯ ಕೆಲವು ಔಷಧಗಳೂ ತೂಕ ಇಳಿಸುತ್ತವೆ. ಹತೋಟಿ ತಪ್ಪಿದ ಸಕ್ಕರೆಯೂ ಇಳಿಸುತ್ತದೆ. ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ, ದಿನಾಂಕ ಒದಗಿಸುವುದು ನಿಮ್ಮದು.

ಧೂಮಪಾನ, ಮೇದೋಜೀರಕ ಗ್ರಂಥಿಯ ಹಳೆಯ ಉರಿಯೂತ, ರಕ್ತಸಂಬಂಧಿಗಳಲ್ಲಿ ಇದೇ ಕ್ಯಾನ್ಸರ್ ಇದ್ದರೆ ಮುಚ್ಚಿಡದೆ ಹೇಳಿ. ಹಲವು ವರ್ಷಗಳಿಂದ ಹತೋಟಿಯಲ್ಲಿದ್ದ ಸಕ್ಕರೆ ಕಾರಣವಿಲ್ಲದೆ ಕೆಟ್ಟರೂ ಇದೇ ಕ್ರಮ ಅನುಸರಿಸಿ.

ಅನುಮಾನ ಗಟ್ಟಿಯಾದರೆ ವೈದ್ಯರು ಸಿ.ಟಿ. ಸ್ಕ್ಯಾನ್ ಬರೆಯಬಹುದು. ಹೊಟ್ಟೆಯ ಸಾಮಾನ್ಯ ಅಲ್ಟ್ರಾಸೌಂಡ್ 'ನಾರ್ಮಲ್' ಬಂದಿತೆಂದು ನಿರಾಳರಾಗಬೇಡಿ: ಗ್ರಂಥಿ ಜಠರದ ಹಿಂದೆ ಅಡಗಿದೆ, ಗ್ಯಾಸ್ ಅಡ್ಡ ಬಂದರೆ ಪೂರ್ತಿ ಕಾಣುವುದಿಲ್ಲ. ಈ ಕ್ಯಾನ್ಸರಿನ ಸುಳಿವಿಗೆಂದು ನೋಡುವ ಸಿಎ 19-9 ರಕ್ತಪರೀಕ್ಷೆಯನ್ನು ನೀವಾಗಿಯೇ ಮಾಡಿಸಬೇಡಿ. ಪಿತ್ತನಾಳ ಕಟ್ಟಿದರೂ ಅದು ಏರುತ್ತದೆ, ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು.

ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮಲ ಬಿಳಿಚುವುದು, ಬೆನ್ನಿಗೆ ಹಾಯುವ ಹೊಟ್ಟೆನೋವು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ. ಸ್ಕ್ಯಾನಿಗೆ ಹೋಗುವಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ, ಸಕ್ಕರೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.