ಪದ್ಮಿನಿಯ ಹೆಡ್‌ಗೆ ಬುಷ್ ಹಾಕಿದ್ದು: ನನ್ನ ಅನುಭವ

ನನ್ನ 1978ರ ಪ್ರೀಮಿಯರ್ ಪದ್ಮಿನಿ ಕಾರಿನ ಹೆಡ್ಡಿನಲ್ಲಿ (ಎಂಜಿನ್ನಿನ ಸಿಲಿಂಡರುಗಳ ಮೇಲಿನ ಮುಚ್ಚಳ) ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್ ಹಾಳಾಗಿತ್ತು. ಅದಕ್ಕೆ ಬುಷ್, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಕೊಳವೆ, ಹಾಕಿ ಮೂರು ವರ್ಷ ಆಯ್ತು. ಆಮೇಲೆ ಗಾಡಿ ಹತ್ತಿರ ಹತ್ತಿರ 14,000 ಕಿಲೋಮೀಟರ್ ಓಡಿದೆ. ಪ್ಲಗ್ ಎಂಟೊಂಬತ್ತು ಸಲ ಬಿಚ್ಚಿ ಹಾಕಿದ್ದೇನೆ. ಬುಷ್ ಅಲುಗಿಲ್ಲ. ನಿಲ್ಲೋದೇ ಇಲ್ಲ ಅಂದವರು ತುಂಬಾ ಜನ, ಅದಕ್ಕೇ ಬರೆಯುತ್ತಿದ್ದೇನೆ.

ಸರ್ವಿಸ್‌ಗೆ ಬಿಟ್ಟಾಗ ಹುಡುಗನೊಬ್ಬ ಪ್ಲಗ್‌ನ ಕೈಯಲ್ಲಿ ಕೂರಿಸದೆ ನೇರವಾಗಿ ಸ್ಪ್ಯಾನರ್ ಹಾಕಿ ತಿರುಗಿಸಿದ್ದ. ವಾರ ಕಳೆದು ನೆಲಮಂಗಲ ದಾಟುವಾಗ ಟಪ್ ಅಂತ ಸದ್ದು. ಬಾನೆಟ್ ಎತ್ತಿದರೆ ಪ್ಲಗ್ ವೈರಿನಲ್ಲಿ ನೇತಾಡುತ್ತಿತ್ತು. ಅದರ ಥ್ರೆಡ್‌ಗೆ ಹೆಡ್ಡಿನ ಅಲ್ಯೂಮಿನಿಯಂ ದಾರದ ಹಾಗೆ ಸುತ್ತಿಕೊಂಡು ಬಂದಿತ್ತು.

"ಸಾರ್, ಅಲ್ಯೂಮಿನಿಯಂ ಅದು. ಬುಷ್ ಹಾಕಿದ್ರೆ ಪ್ಲಗ್ ಜೊತೆ ಅದೂ ಬರುತ್ತೆ. ಬೇರೆ ಹೆಡ್ ನೋಡ್ಕೊಳ್ಳಿ" ಅಂದರು ನಮ್ಮ ಮೆಕ್ಯಾನಿಕ್. ಶಿವಾಜಿನಗರದ ಗುಜರಿಯಲ್ಲಿ ಎರಡು ಹೆಡ್ ಸಿಕ್ಕವು. ಒಂದು ಬಿರುಕು ಬಿಟ್ಟಿತ್ತು. ಇನ್ನೊಂದರ ನೀರಿನ ದಾರಿಯೆಲ್ಲ ತಿಂದುಹೋಗಿತ್ತು. ಅದನ್ನೇ 1,500 ಕೊಟ್ಟು ತಂದೆ, ಪ್ರಯೋಗಕ್ಕೆ. ಆ ದುಡ್ಡು ದಂಡ ಆಗಲಿಲ್ಲ.

ಮೊದಲು ಆರ್ಗಾನ್ ವೆಲ್ಡಿಂಗ್. ಹಳೇ ಅಲ್ಯೂಮಿನಿಯಂ ನಲವತ್ತು ವರ್ಷ ಎಣ್ಣೆ ಕುಡಿದಿರುತ್ತೆ, ಎಷ್ಟು ತೊಳೆದರೂ ಬಿಸಿಗೆ ಉಕ್ಕಿ ಬರುತ್ತೆ. ತುಂಬಿಸಿದ ಜಾಗ ಬನ್ನಿನ ಹಾಗೆ ತೂತು ತೂತು. ಮೇಲಿಂದ ಹೆಡ್ ಬೇರೆ ಬಾಗಿತು. 2,500 ಹೋಯ್ತು. ಆಮೇಲೆ ಹೆಲಿಕಾಯಿಲ್, ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ಸ್ಪ್ರಿಂಗ್ ಥರದ್ದು, ಕಿಟ್ಟಿಗೆ ಮೂರು ಸಾವಿರದ ಮೇಲೆ. ಅದನ್ನು ನನ್ನ ಹೆಡ್ಡಿಗೇ ಹಾಕಿದೆ, 800 ಕಿಲೋಮೀಟರ್ ಚೆನ್ನಾಗಿಯೇ ಓಡಿತು. ಪ್ಲಗ್ ಕ್ಲೀನ್ ಮಾಡೋಣ ಅಂತ ಬಿಚ್ಚಿದರೆ ಕಾಯಿಲ್ ಪೂರ್ತಿ ಪ್ಲಗ್ಗಿಗೆ ಅಂಟಿಕೊಂಡು ಹೊರಗೆ ಬಂತು.

ಮೂರನೆಯದು ಪೀಣ್ಯದಲ್ಲಿ ಮಾಡಿಸಿದ ಮೈಲ್ಡ್ ಸ್ಟೀಲ್ ಬುಷ್. ತಣ್ಣಗಿದ್ದಾಗ ಕಲ್ಲು. ಎಂಜಿನ್ ಕಾದ ಮೇಲೆ ಅಂಚಿಗೆ ಒಂದು ಹನಿ ಆಯಿಲ್ ಬಿಟ್ಟರೆ ಗುಳ್ಳೆ ಏಳುತ್ತಿತ್ತು, ಅಂದರೆ ಗ್ಯಾಸ್ ಸೋರುತ್ತಿತ್ತು. ಸ್ಟೀಲ್ ಹಿಗ್ಗುವುದರ ಎರಡರಷ್ಟು ಅಲ್ಯೂಮಿನಿಯಂ ಹಿಗ್ಗುತ್ತೆ. 18 ಮಿಲಿಮೀಟರ್ ಬುಷ್ಷಿಗೆ, 150 ಡಿಗ್ರಿ ಏರಿದರೆ, ಸುಮಾರು 0.03 ಮಿಲಿಮೀಟರ್ ಸಡಿಲ. ಅಷ್ಟು ಸಾಕು ಹಾಳಾಗೋಕೆ. ಅಲ್ಲಿಗೆ ನನಗೆ ದಾರಿ ಗೊತ್ತಾಯ್ತು.

ಎಸ್.ಪಿ. ರೋಡಿನಲ್ಲಿ ಫಾಸ್ಫರ್ ಬ್ರಾಂಜ್ ರಾಡ್ ತೂಕಕ್ಕೆ ಸಿಗುತ್ತೆ. ಅದು ಅಲ್ಯೂಮಿನಿಯಂನಷ್ಟು ಅಲ್ಲದಿದ್ದರೂ ಸ್ಟೀಲಿಗಿಂತ ಎಷ್ಟೋ ಜಾಸ್ತಿ ಹಿಗ್ಗುತ್ತೆ. ಬುಷ್ಷಿನ ಹೊರಗೆ 18 ಮಿಲಿಮೀಟರಿಗೆ 1.5 ಪಿಚ್ (ಥ್ರೆಡ್ಡಿನ ಒಂದು ಸುತ್ತಿಂದ ಇನ್ನೊಂದಕ್ಕೆ ಇರುವ ಅಂತರ), ಒಳಗೆ ಪ್ಲಗ್ಗಿನ 14ಕ್ಕೆ 1.25. ಹೆಡ್ಡಿಗೆ 16.5 ಡ್ರಿಲ್. ಬುಷ್ಷಿಗೆ ಮೇಲುಗಡೆ ಒಂದು ಕಾಲರ್, ಅಂದರೆ ಅಗಲವಾದ ಅಂಚು, ಇಡಿಸಿದೆ. ಇದನ್ನ ಯಾರೂ ಬಿಡಬೇಡಿ. ಪ್ಲಗ್ಗಿನ ಬಿಸಿ ಬಹುಪಾಲು ಥ್ರೆಡ್ ಮತ್ತು ಸೀಟಿನ (ಪ್ಲಗ್ ಒತ್ತಿ ಕೂರುವ ಜಾಗ) ಮೂಲಕವೇ ಹೆಡ್ಡಿಗೆ ಇಳಿಯೋದು. ಕಾಲರ್ ಪೂರ್ತಿ ಕೂರದಿದ್ದರೆ ಪ್ಲಗ್ ಸುಡುತ್ತೆ. ಬುಷ್ಷಿನ ಕೆಳತುದಿ ಪೆಟ್ರೋಲ್ ಉರಿಯುವ ಚೇಂಬರಿನೊಳಗೆ ಒಂದು ಸುತ್ತೂ ಇಣುಕಬಾರದು. ಇಣುಕಿದರೆ ಆ ಅಂಚು ಕೆಂಡವಾಗಿ ಪಿಸ್ಟನ್ನಿಗೇ ಕುತ್ತು.

ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕುವಾಗ ಸೀಮೆಎಣ್ಣೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪ್ ನೇರ ನಿಲ್ಲಿಸೋಕೆ ನಾನೇ ಒಂದು ಗೈಡ್ ಮಾಡಿಕೊಂಡಿದ್ದೇನೆ. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬುಷ್ ರಾತ್ರಿಯಿಡೀ ಫ್ರೀಜರಿನಲ್ಲಿತ್ತು. ತೊಳೆದು ಒಣಗಿಸಿದ ಹೆಡ್ಡನ್ನು ಬೀದಿ ಕೊನೆಯ ಅಯ್ಯಂಗಾರ್ ಬೇಕರಿಗೆ ಹೊತ್ತುಕೊಂಡು ಹೋದೆ. ಬೆಳಗಿನ ಬ್ರೆಡ್ ಇಳಿಸಿದ ಮೇಲೆ ಓವನ್ನಿನಲ್ಲಿ ಮುಕ್ಕಾಲು ಗಂಟೆ ಇಟ್ಟರು. ಹೆಡ್ ಮೇಲೆ ಒಂದು ಹನಿ ನೀರು ಹಾಕಿದರೆ ಕೂರದೆ ಚಟಪಟ ಓಡಾಡಿತು. ಆಗ ಬುಷ್ ತಿರುಗಿಸಬೇಕು, ಹತ್ತು ಹದಿನೈದು ಸೆಕೆಂಡ್ ಅಷ್ಟೇ. ಮೊದಲನೇ ಬುಷ್ ಗುಜರಿ ಹೆಡ್ಡಿನಲ್ಲಿ ಅರ್ಧಕ್ಕೇ ಹಿಡಿದುಕೊಂಡಿತು, ಕೊರೆದು ತೆಗೆದೆ. ಎರಡನೆಯದು ಸರ್ರನೆ ಇಳಿದು ಕಾಲರ್ ಟಕ್ ಅಂತ ಕೂತಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮಾರನೇ ದಿನವೇ ನನ್ನ ಹೆಡ್ಡಿಗೂ ಹಾಗೇ ಹಾಕಿದೆ. ತಣ್ಣಗಾದ ಮೇಲೆ ಬುಷ್ ತಿರುಗದ ಹಾಗೆ ಒಂದು ಲಾಕ್ ಕೊಟ್ಟೆ. ಪಂಚ್ ಇಟ್ಟು ಬಡಿದಿದ್ದಲ್ಲ, ಥ್ರೆಡ್ಡಿಗೆ ಹಚ್ಚುವ ಅಂಟು ಲಾಕ್‌ಟೈಟೂ ಅಲ್ಲ. ಇಷ್ಟು ಸಾಕು.

ಕಲಿಯೋಕೆ ಎಲ್ಲಾ ಸೇರಿ ಹನ್ನೊಂದು ಸಾವಿರ ಕೈ ಬಿಟ್ಟಿರಬಹುದು. ಈಗ ಒಂದು ತೂತಿಗೆ ರಾಡ್, ಲೇತ್ ಕೂಲಿ ಸೇರಿ 900ರೊಳಗೆ ಮುಗಿಯುತ್ತೆ, ಹೆಡ್ ಗ್ಯಾಸ್ಕೆಟ್ ಬಿಟ್ಟು.

ಇದರ ನಡುವೆ ಬೇರೆ ಆಟಗಳೂ ನಡೆದವು. ಹಳೇ ಪ್ಲಗ್ಗಿನ ಥ್ರೆಡ್ಡಿನಲ್ಲಿ ಉದ್ದಕ್ಕೆ ನಾಲ್ಕು ಗೀರು ಹಾಕಿ, ಅದರಲ್ಲಿ ಗ್ರೀಸ್ ತುಂಬಿ, ಉಳಿದ ಮೂರು ತೂತು ಕ್ಲೀನ್ ಮಾಡಿದೆ. ಪುಡಿಯೆಲ್ಲ ಗ್ರೀಸಿಗೆ ಅಂಟಿ ಬರುತ್ತೆ. ಸ್ನೇಹಿತರ ಅಂಬಾಸಡರ್‌ನಲ್ಲಿ ಬೇರೆಯೇ ಕಥೆ. ಅದರದ್ದು ಇಂಚಿನ ಥ್ರೆಡ್. 5/16 ಬೋಲ್ಟ್ ಅಂದರೆ 7.94 ಮಿಲಿಮೀಟರ್, ತಲೆಗೆ 13ರ ಸ್ಪ್ಯಾನರ್ ಕೂರುತ್ತೆ. ಹಾಗಾಗಿ 8 ಎಂಎಂ ಬೋಲ್ಟ್ ಅಂತಲೇ ತಿಳಿದು ತುರುಕುತ್ತಾರೆ. ಎರಡು ಸುತ್ತು ಹೋಗುತ್ತೆ, ಮೂರನೆಯದಕ್ಕೆ ಥ್ರೆಡ್ ಸತ್ತಿರುತ್ತೆ. ಆ ಗಾಡಿಯಲ್ಲಿ ಇಂಥ ತೂತು ಐದು ಸಿಕ್ಕವು. ಪಿಚ್ ಗೇಜ್ ಇಟ್ಟು ನೋಡದೆ ಬೋಲ್ಟ್ ಹಾಕೋರನ್ನ ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತೆ.

ಈಗ ಪ್ಲಗ್ ಟೈಟ್ ಮಾಡೋದು ತಣ್ಣಗಿದ್ದಾಗ ಮಾತ್ರ. ಪೂರ್ತಿ ಕೈಯಲ್ಲೇ ಇಳಿಸಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಎರಡೂವರೆ ಕೆಜಿ-ಮೀಟರ್.

ಬೇರೆ ಹೆಡ್ ನೋಡಿ ಅಂದಿದ್ದ ಮೆಕ್ಯಾನಿಕ್ ಮೊನ್ನೆ ಗಿರಾಕಿಯ ಹೆಡ್ ಒಂದನ್ನು ತಂದು ನನ್ನ ಶೆಡ್ಡಿನಲ್ಲಿ ಇಳಿಸಿ ಹೋದರು. ಎರಡನೇ ಸಿಲಿಂಡರ್. ಬುಷ್ ಆಗಲೇ ಫ್ರೀಜರಿನಲ್ಲಿದೆ, ನಾಳೆ ಬೆಳಿಗ್ಗೆ ಬ್ರೆಡ್ ಇಳಿದ ಮೇಲೆ ಬರೋಕೆ ಬೇಕರಿಯವರು ಹೇಳಿದ್ದಾರೆ.